ತಲೆ ಒರಗಿಸುವ ಗೋಡೆ

ಎರಡು ಸಾವಿರದ ಇಸವಿಯ ಆಸುಪಾಸು. ಪೀರನವಾಡಿಯಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದ ಯಜಮಾನರು ಉದ್ಯಮಬಾಗದಲ್ಲಿ ಸಣ್ಣ ಎರಕದ ಕಾರ್ಖಾನೆ ಇಟ್ಟುಕೊಂಡವರು. "ಮೊದ್ಲ ಕಾನ್ಸೆಪ್ಟ್ ತಗೊಂಡ ಬರ್ರಿ, ಆಮ್ಯಾಲ ಮಾತಾಡೂಣು" ಅಂದರು, ಅದು ರವಿವಾರ ಪೇಟೆಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ ಎನ್ನುವ ಧಾಟಿಯಲ್ಲಿ. ಒಳಾಂಗಣ ವಿನ್ಯಾಸದ ಡಿಪ್ಲೊಮಾ ಮುಗಿಸಿ ಬಂದಿದ್ದ ನನಗೆ ಅದು ಮೊದಲ ಕೆಲಸ. ಇದು ಕೈತಪ್ಪಿದರೆ ತೆಪ್ಪಗೆ ಬಿ.ಎಡ್. ಸೇರಬೇಕೆಂದು ಅಪ್ಪ ಹೇಳಿಬಿಟ್ಟಿದ್ದರು. ಮಕ್ಕಳಿಗೆ ಪಾಠ ಹೇಳುವ ತಾಳ್ಮೆ ನನಗೆ ದೇವರಾಣೆಗೂ ಇರಲಿಲ್ಲ.

ಮೊದಲ ಕಾನ್ಸೆಪ್ಟ್ ಪೂರ್ತಿ ಬಿಳಿ. ಬಿಳಿ ಗೋಡೆ, ಬಿಳಿ ಪರದೆ, ನಡುವೆ ಒಂದೇ ಒಂದು ಕುರ್ಚಿ. 'ನೆಮ್ಮದಿ' ಎಂದು ಹೆಸರಿಟ್ಟಿದ್ದೆ. ಯಜಮಾನರ ಹೆಂಡತಿ ಚಿತ್ರವನ್ನು ಅತ್ತಿತ್ತ ತಿರುಗಿಸಿ ನೋಡಿ, "ಯಾರರ ತೀರಿಕೊಂಡಾರೇನ್ರಿ?" ಎಂದು ಕೇಳಿದರು. ಎರಡನೆಯದರಲ್ಲಿ ಕೆಂಪು ಹಂಚು, ಮಣ್ಣಿನ ಗೋಡೆ ಬರೆದೆ. ಈ ಸಲ ಯಜಮಾನರೇ ಉರಿದೆದ್ದರು.

"ಮಣ್ಣಿನ ಮನಿ ಬಿಟ್ಟು ಬರಾಕ ನಮ್ಮಪ್ಪನ ಜೀವಾ ಸವೀತು. ನೀವು ನಮ್ಮನ್ನ ಮತ್ತ ಅಲ್ಲೇ ಒಯ್ತೀರೇನು?"

ಅವರಿಗೆ ಬೇಕಿದ್ದದ್ದು ಮಿರುಗುವ ಸೋಫಾ ಸೆಟ್ಟು, ಕಲೆಯಿಲ್ಲದ ಗೋಡೆ. ಇನ್ನೊಂದೇ ಅವಕಾಶ ಎಂದರು.

ಯಜಮಾನರ ಹೆಂಡತಿಗೆ ನನ್ನ ಮೇಲೆ ಕನಿಕರ ಬಂದಿರಬೇಕು. ಖಾನಾಪುರದ ತವರಿಗೆ ಹೊರಟವರು ನನ್ನನ್ನೂ ಬಸ್ಸು ಹತ್ತಿಸಿಕೊಂಡರು. ಅಲ್ಲಿ ಪಡಸಾಲೆಯ ಸೋಫಾದ ಮೇಲೆ ಅಂಗಡಿಯ ಪ್ಲಾಸ್ಟಿಕ್ ಇನ್ನೂ ಹಾಗೇ ಇತ್ತು. "ಕುಂದರ್ರಿ, ಕುಂದರ್ರಿ" ಎಂದು ಎಲ್ಲರೂ ನನಗೆ ಅದನ್ನು ತೋರಿಸಿ, ತಾವು ಮಾತ್ರ ನೆಲದ ಮೇಲೆ ಕುಳಿತು ಗೋಡೆಗೆ ಒರಗಿದರು. ಗೋಡೆಯ ತುಂಬ, ಕೂತವರ ತಲೆಯೆತ್ತರಕ್ಕೆ, ಸಾಲಾಗಿ ಕೊಬ್ಬರಿ ಎಣ್ಣೆಯ ಕಂದು ಕಲೆಗಳು. ನಾನು ದಿಟ್ಟಿಸುತ್ತಿದ್ದುದನ್ನು ಕಂಡು ಹೆಂಡತಿ ನಾಚಿಕೊಂಡರು. ಅವರ ತಾಯಿ ಮಾತ್ರ ಮೂಲೆಯ ಒಂದು ಕಲೆಯ ಮೇಲೆ ಬೆರಳಿಟ್ಟರು.

"ಇದು ಇಕಿ ಅಪ್ಪಂದು. ಅವರು ಹೋಗಿ ನಾಕ ವರ್ಷ ಆತು. ಅಷ್ಟ ಬಿಟ್ಟು ಸುಣ್ಣಾ ಹಚ್ಚಸ್ತೇನಿ."

ನನಗೆ ಕಾನ್ಸೆಪ್ಟ್ ಅಲ್ಲೇ ಸಿಕ್ಕಿತು. ಸೋಫಾ ಬೇಡ; ಗೋಡೆಗುಂಟ ತಗ್ಗಾದ ಗಾದಿ, ಅದರ ಹಿಂದೆ ತಲೆಯೆತ್ತರದವರೆಗೆ ಸಾಗವಾನಿ ಹಲಗೆ. ಆದರೆ ಇದನ್ನು ಯಜಮಾನರಿಗೆ ಬರೀ ಬಾಯಲ್ಲಿ ಹೇಳಿದ್ದರೆ ನನಗೆ ಬಿ.ಎಡ್. ಖಾತ್ರಿಯಾಗುತ್ತಿತ್ತು.

ಆಗ ಅವರಿದ್ದ ಹಳೆಯ ಮನೆಗೆ ಹಬ್ಬದ ಸುಣ್ಣ ಬಳಿದು ವಾರವೂ ಆಗಿರಲಿಲ್ಲ. "ಗ್ವಾಡಿಗೆ ಯಾರೂ ತಲಿ ಹಚ್ಚಬ್ಯಾಡ್ರಿ" ಎಂದು ಯಜಮಾನರು ಮನೆಮಂದಿಗೆಲ್ಲ ತಾಕೀತು ಮಾಡಿದ್ದರು. ನಾನು ಹೋದವಳೇ, ಬೇಕೆಂದೇ, ನಕ್ಷೆಗಳನ್ನು ಸೋಫಾದ ಉದ್ದಗಲಕ್ಕೂ ಹರಡಿದೆ. ಕೂರಲು ಜಾಗವಿಲ್ಲದೆ ಎಲ್ಲರೂ ನೆಲಕ್ಕಿಳಿದರು. ಅವರ ಪಕ್ಕದಲ್ಲೇ ಕುಳಿತು ಬಾಗಿಲು, ಕಿಟಕಿ, ಪರದೆ ಎಂದು ಕೈಲಾದಷ್ಟು ನಿಧಾನವಾಗಿ ಕೊರೆದೆ. ಅವಲಕ್ಕಿ ಬಂತು, ಚಹಾ ಬಂತು. ಯಜಮಾನರ ಕಣ್ಣು ಎಳೆಯತೊಡಗಿದವು. ಆಗ ಎಲ್ಲರನ್ನೂ ಎಬ್ಬಿಸಿ, ಹಿಂದೆ ತಿರುಗಿ ಗೋಡೆ ನೋಡಿರೆಂದೆ.

ಎಲ್ಲಕ್ಕಿಂತ ದೊಡ್ಡ ಕಲೆ ಯಜಮಾನರದ್ದೇ! ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ನಾನು ಅಡಗಿಸಿಟ್ಟಿದ್ದ ಕೊನೆಯ ನಕ್ಷೆಯನ್ನು ತೆಗೆದು ಕೊಟ್ಟೆ.

"ಸಾಗವಾನಿಗೆ ಎಣ್ಣಿ ಹತ್ತಿದಷ್ಟೂ ಹೊಳಪು ಬರತೈತ್ರಿ. ಇದಕ್ಕ ತಲಿ ಹಚ್ಚಿದ್ರ ಯಾರೂ ಬೈಸ್ಕೊಳ್ಳೂದಿಲ್ಲ."

ಯಜಮಾನರು ನಕ್ಷೆ ನೋಡಿದರು, ಗೋಡೆ ನೋಡಿದರು. ನಗಲಿಲ್ಲ. ತಮ್ಮ ಕಲೆಯ ಪಕ್ಕದಲ್ಲಿದ್ದ ಇನ್ನೊಂದು ಸಣ್ಣ ಕಲೆಗೆ ಬೆರಳು ತೋರಿಸಿ, "ಮತ್ತ ಇದು ಯಾರದು?" ಎಂದರು.

ಕೆದರಿದ ತಲೆಯಲ್ಲಿ ಕೆಲಸ ಕೇಳಲು ಹೋಗಬಾರದೆಂದು ಅವ್ವ ಬೆಳಿಗ್ಗೆ ಎಣ್ಣೆ ತಟ್ಟಿ ಜಡೆ ಹೆಣೆದಿದ್ದಳು. ನಾನು ಯಾವಾಗ ಒರಗಿದ್ದೆನೋ ನನಗೇ ತಿಳಿದಿರಲಿಲ್ಲ. ನಾಚಿಕೆಯಿಂದ ದುಪಟ್ಟಾದ ಅಂಚು ಹಿಡಿದು ಒರೆಸಲು ಹೋದೆ.

"ಇರ್ಲಿ ಬಿಡ್ರಿ," ಎಂದು ಯಜಮಾನರು ತಡೆದರು. "ಹಲಗಿ ಸ್ವಲ್ಪ ಉದ್ದ ಮಾಡ್ರಿ. ನೀವು ಬಂದ್ರ ಎಲ್ಲಿ ಕುಂದರ್ತೀರಿ?"