ತಗಡಿನ ಚೀಟಿ ನಂಬದ ಲವಾನ್

ಬೆಳಗಿನ ಐದೂವರೆ. ಅರವತ್ತೊಂಬತ್ತರ ಲವಾನ್ ಬುಶ್ಕೆ ತಮ್ಮ ಶೆಡ್ಡಿನ ಸಿಮೆಂಟು ನೆಲದ ಮೇಲೆ ರಟ್ಟು ಹಾಸಿಕೊಂಡು ಅಂಗಾತ ಮಲಗಿದ್ದಾರೆ. ಮೇಲೆ, ಮರದ ದಿಮ್ಮಿಗಳ ಮೇಲೇರಿಸಿದ ಅರವತ್ತೆಂಟನೇ ಇಸವಿಯ ಪುಟ್ಟ ತೋಟದ ಟ್ರ್ಯಾಕ್ಟರು. ಅದರ ಹೊಟ್ಟೆಯಡಿ ತೂಗುತ್ತಿರುವುದೇ ಡೆಕ್ಕು: ಮಗುಚಿದ ಬೋಗುಣಿಯಂಥ ಉಕ್ಕಿನ ಚಿಪ್ಪು, ಒಳಗೆ ಹುಲ್ಲು ಕತ್ತರಿಸುವ ಮೂರು ಅಲಗು. ಇಂಜಿನ್ನು ಹೊತ್ತಿ ಅಲಗು ತಿರುಗದಿರಲೆಂದು ಪ್ಲಗ್ಗಿನ ವೈರು ಕಳಚಿಟ್ಟು, ಕಣ್ಣು ಮುಚ್ಚಿಕೊಂಡು ಲವಾನ್ ಚಿಪ್ಪಿನ ಒಳಗೋಡೆಯನ್ನು ಬೆರಳಿನಿಂದ ಸವರುತ್ತಿದ್ದಾರೆ.

"ಇದು ಇದರ ಡೆಕ್ಕಲ್ಲ."

"ಏನಂದೆ? ಇದೇ ಕಣೇ! ನಾಲ್ಕು ವರ್ಷದಿಂದ ಓಡಿಸ್ತಿದೀನಿ," ಎನ್ನುತ್ತಾರೆ ಟ್ರ್ಯಾಕ್ಟರಿನ ಒಡೆಯ ಆರ್ವಲ್ ಟ್ವೇಟನ್.

"ನಾಲ್ಕು ವರ್ಷ ಬೇರೆಯವನ ಹಲ್ಲುಸೆಟ್ಟು ಹಾಕ್ಕೊಂಡು ರೊಟ್ಟಿ ಅಗಿದಿದೀಯ, ಮಾರಾಯ."

ವಿಸ್ಕಾನ್ಸಿನ್‌ನ ನಮ್ಮ ಈ ಮೂಲೆಯಲ್ಲಿ ಹೊಸ ಯಂತ್ರ ಕೊಳ್ಳುವುದೆಂದರೆ ಸೋಲೊಪ್ಪಿಕೊಂಡ ಹಾಗೆ. ಅಜ್ಜನ ಟ್ರ್ಯಾಕ್ಟರು ಮೊಮ್ಮಗನಿಗೂ ಆಗಬೇಕು. ಟ್ರ್ಯಾಕ್ಟರೇನೋ ಬಾಳುತ್ತದೆ, ಡೆಕ್ಕು ತುಕ್ಕು ತಿನ್ನುತ್ತದೆ. ಆಗ ಜನ ಹರಾಜಿನಲ್ಲಿ ಯಾವುದೋ ಡೆಕ್ಕು ಕೊಂಡು ಲವಾನ್ ಅವರಿಗೆ ಫೋನು ಮಾಡುತ್ತಾರೆ. ಈ ಮೇ ತಿಂಗಳಲ್ಲಿ ದಿನಕ್ಕೆ ಹನ್ನೊಂದು ಕರೆ. ಹಿತ್ತಲ ಬೇಲಿಗೆ ಒರಗಿರುವ ಡೆಕ್ಕುಗಳು ಅರವತ್ತಮೂರು. ಯಾವುದು ಯಾವ ಟ್ರ್ಯಾಕ್ಟರಿನದೆಂದು ಬರೆದಿಟ್ಟಿದ್ದು ಎಲ್ಲೂ ಇಲ್ಲ.

ಇಪ್ಪತ್ತಾರು ವರ್ಷ ಚೀಸ್ ಕಾರ್ಖಾನೆಯಲ್ಲಿ ದುಡಿದವರು ಲವಾನ್. ಈ ವಿದ್ಯೆ ಮಾವನ ರಿಪೇರಿ ಅಂಗಡಿಯಲ್ಲಿ ರಜೆಯ ದಿನಗಳಲ್ಲಿ ಕೈಗೆ ಹತ್ತಿದ್ದು. ಬಲಭುಜಕ್ಕೆ ಎರಡು ಸಲ ಶಸ್ತ್ರಚಿಕಿತ್ಸೆಯಾಗಿದೆ, ತೋಳು ಕಿವಿಗಿಂತ ಮೇಲೇಳುವುದಿಲ್ಲ. ಅದಕ್ಕಿಂತ ಹೆಚ್ಚು ಕಾಡಿದ್ದು ಫೋನಿನ ಆಚೆಯ ಗಂಡಸರು. "'ನಿಮ್ ಯಜಮಾನ್ರಿಗೆ ಕೊಡಮ್ಮ' ಅಂತಿದ್ರು. ಅವ್ರು ಒಲೆ ಮುಂದೆ ಇದಾರೆ, ಮೊಟ್ಟೆ ಹುರಿಯೋದು ಹೇಗೇಂತ ಕೇಳ್ಬೇಕಾ ಅಂತಿದ್ದೆ." ಯಜಮಾನರಾದ ಗಾರ್ಡಿ ಈಗಲೂ ಒಲೆ ಮುಂದೆಯೇ ಇದ್ದಾರೆ, ರೂಬಾರ್ಬ್ ದಂಟಿನ ಕಡುಬಿನ ಹುಳಿ ವಾಸನೆ ಶೆಡ್ಡಿನವರೆಗೂ ಬರುತ್ತಿದೆ.

ಡೆಕ್ಕಿನ ಬೆನ್ನಿಗೆ ನಂಬರಿನ ತಗಡು ಹೊಡೆದಿರುತ್ತದೆ. ಲವಾನ್ ಅದನ್ನು ನೋಡುವುದೇ ಇಲ್ಲ. ಹಿಂದಿನ ಎರಡು ಕೊಕ್ಕೆಗಳ ನಡುವೆ ಎಷ್ಟು ಗೇಣು, ಮುಂದಿನ ತೂಗುಕಂಬಿ ಎಷ್ಟು ಉದ್ದ, ಚಿಪ್ಪಿನ ಅಂಚು ಮಡಿಸಿದ್ದೋ ಬೆಸೆದದ್ದೋ, ಇಷ್ಟನ್ನು ಮುಟ್ಟಿ ನೋಡಿ ಹೇಳುತ್ತಾರೆ. "ತಗಡು ಯಾರ್ ಬೇಕಾದ್ರೂ ಕಿತ್ತು ಯಾವುದಕ್ ಬೇಕಾದ್ರೂ ಹೊಡೀತಾರೆ. ಕೈ ಹಾಕ್ದೆ ನಾನು ಬಾಯಿ ಬಿಡಲ್ಲ."

ಆರ್ವಲ್‌ಗೆ ಇವತ್ತು ಇದು ಸುಮ್ಮನೆ ರಿಪೇರಿಯಲ್ಲ. ಎಪ್ಪತ್ತಾರರ ಅವರು ಮೂವತ್ತೊಂದು ವರ್ಷದಿಂದ ಊರ ಸ್ಮಶಾನದ ಹುಲ್ಲು ಕತ್ತರಿಸುತ್ತಿದ್ದಾರೆ. ನಾಲ್ಕು ವರ್ಷದಿಂದೀಚೆಗೆ ಹಳೆಯ ಗೋರಿಗಳ ಉಬ್ಬಿನ ಮೇಲೆ ಹುಲ್ಲು ಬೇರುಸಮೇತ ಕೆರೆದುಹೋಗಿ ಮಣ್ಣು ಕಾಣುತ್ತಿದೆ. ಮುಂದಿನ ಸೋಮವಾರ ಮಡಿದ ಯೋಧರ ಸ್ಮರಣದಿನ. ಮನೆಮನೆಯವರೂ ಹೂಕುಂಡ ಹಿಡಿದು ಬರುತ್ತಾರೆ. ಇವತ್ತು ಒಂಬತ್ತು ಗಂಟೆಗೆ ಸ್ಮಶಾನದ ಸಮಿತಿ ಬಂದು ನೋಡುತ್ತದೆ, ಸರಿಯಿಲ್ಲದಿದ್ದರೆ ಕೆಲಸ ಹೊರಗಿನ ಕಂಪನಿಗೆ. ಟ್ರ್ಯಾಕ್ಟರಿನಲ್ಲೇ ಏನೋ ದೋಷವಿದೆ ಎಂದು ಆರ್ವಲ್ ಹೇಳಿದಾಗ ಸಮಿತಿಯವರು ನಕ್ಕರಂತೆ: ಕುಣಿಯಲಾರದವಳು ನೆಲ ಡೊಂಕು ಎಂದಳು. ಆಮೇಲಾಮೇಲೆ ದೋಷ ತಮ್ಮದೇ ಎಂದು ಆರ್ವಲ್ ಕೂಡ ನಂಬಿಬಿಟ್ಟರು.

"ಕಣ್ಣೇ ಹೋಯ್ತೇನೋ ಅಂತ ಎರಡು ಸಲ ಕನ್ನಡಕ ಬದಲಾಯಿಸ್ದೆ ಕಣೇ."

"ಈ ಡೆಕ್ಕು ಉದ್ದದ ಟ್ರ್ಯಾಕ್ಟರಿಂದು. ಇದಕ್ಕೆ ಹಾಕಿದ್ರೆ ಹಿಂದಿನ ಅಂಚು ನೆಲಕ್ಕೆ ಕೂರುತ್ತೆ, ಉಬ್ಬು ಸಿಕ್ಕಿದ್ಕಡೆ ಕೆರೆಯುತ್ತೆ. ಯಾವ ಮುಠ್ಠಾಳ ನಿಂಗೆ ಇದನ್ನ ತಗೋ ಅಂದ?"

ಆರ್ವಲ್ ಟೋಪಿ ಸರಿಮಾಡಿಕೊಳ್ಳುತ್ತಾರೆ. "ಹರಾಜಿಂದ ಫೋನ್ ಮಾಡಿ ತಗಡಿನ ನಂಬರ್ ಓದಿದ್ದೆ. ನೀನೇ ಅಂದೆ, ತಗೋ, ಕೂರುತ್ತೆ ಅಂತ."

ಲವಾನ್ ಹೊರಗೆ ತೆವಳಿ ಬಂದು ಎದ್ದು ಕೂರುತ್ತಾರೆ. ನಾಚಿಕೆಯಾಗಿದೆ, ಮುಚ್ಚಿಡುವ ಗೋಜಿಗೂ ಹೋಗುವುದಿಲ್ಲ. "ಅಯ್ಯೋ ದೇವರೇ! ಅಪ್ಪ ಆಸ್ಪತ್ರೆಯಲ್ಲಿದ್ದ ವಾರ ಅದು. ಅವಸರದಲ್ಲಿ ಹೇಳ್ಬಿಟ್ಟೆ. ನಾಲ್ಕು ವರ್ಷ ಒಂದ್ ಮಾತು ಆಡ್ಲಿಲ್ವಲ್ಲಯ್ಯ ನೀನು?"

"ನೀನು ತಪ್ಪಿರ್ತೀಯ ಅಂತ ಹೊಳೀಲೇ ಇಲ್ಲ."

ಬೇಲಿಯ ಸಾಲಿನಿಂದ ಸರಿಯಾದ ಡೆಕ್ಕು ಬರುತ್ತದೆ, ಹಳೆಯದು ಇಳಿಯುತ್ತದೆ. ಟ್ರ್ಯಾಕ್ಟರನ್ನು ದಿಮ್ಮಿಗಳಿಂದ ಇಳಿಸಿದ ಮೇಲೆ ಮೊದಲು ನಾಲ್ಕೂ ಚಕ್ರದ ಗಾಳಿ. ಒಂದು ಚಕ್ರ ಸೊರಗಿದ್ದರೂ ಅಳತೆಯೆಲ್ಲ ಸುಳ್ಳು. ಅಲಗನ್ನು ಅಡ್ಡ ತಿರುಗಿಸಿ ಎಡ, ಬಲ ತುದಿ ನೆಲದಿಂದ ಸಮನಿದೆಯೇ ನೋಡುತ್ತಾರೆ. ಆಮೇಲೆ ಉದ್ದಕ್ಕೆ ತಿರುಗಿಸಿ, ಮುಂದಿನ ತುದಿ ಹಿಂದಿನದಕ್ಕಿಂತ ಒಂದು ಕಡಲೆಬೇಳೆಯಷ್ಟು ತಗ್ಗುವವರೆಗೆ ಕಂಬಿಯ ನಟ್ಟು ತಿರುಗಿಸುತ್ತಾರೆ. ಕಡುಬು ತಣ್ಣಗಾದರೂ ಯಾರೂ ಮುಟ್ಟುವುದಿಲ್ಲ.

ಒಂಬತ್ತಕ್ಕೆ ಸ್ಮಶಾನದಲ್ಲಿ ಸಮಿತಿಯ ಅಧ್ಯಕ್ಷೆ ಜೊಡೀನ್ ನಡವಳಿ ಪುಸ್ತಕ ಹಿಡಿದು ನಿಂತಿದ್ದಾರೆ. ಹಳೆಯ ಗೋರಿಗಳ ಮೇಲೆ ಆರ್ವಲ್ ಮೂರು ಸಾಲು ಮುಗಿಸುತ್ತಾರೆ. ಜೊಡೀನ್ ಬಗ್ಗಿ ಹುಲ್ಲು ಸವರಿ ನೋಡುತ್ತಾರೆ. ಹಳೆಯ ಗಾಯಗಳನ್ನು ಬಿಟ್ಟರೆ ಹೊಸದಾಗಿ ಎಲ್ಲೂ ಮಣ್ಣೆದ್ದಿಲ್ಲ.

"ಸರಿ, ಕೆಲಸ ಆರ್ವಲ್‌ಗೇ ಇರ್ಲಿ."

"ತಪ್ಪು ಲವಾನ್ ಬುಶ್ಕೆದು ಅಂತ ಬರ್ಕೊ," ಎನ್ನುತ್ತಾರೆ ಜೊತೆಗೇ ಬಂದಿರುವ ಲವಾನ್.

"ಬಿಡಿ ಲವಾನ್, ಮುಗೀತಲ್ಲ. ಹೆಸರೆಲ್ಲ ಯಾಕೆ?"

"ಮುಗ್ದಿಲ್ಲ. ತನ್ನ ಕೈಲಾಗಲ್ಲ ಅಂದ್ಕೊಂಡೇ ನಾಲ್ಕು ವರ್ಷ ಕಳ್ದಿದಾನೆ ಈ ಮನುಷ್ಯ. ಅವನ ಕೈ ಸರಿಯಾಗೇ ಇತ್ತು ಅಂತ ಒಂದ್ ಕಡೆ ಬರ್ದಿರ್ಲಿ. ನಂಗೆ ಅಷ್ಟೇ ಬೇಕು."

ಜೊಡೀನ್ ಬರೆಯುತ್ತಾರೆ. ಆರ್ವಲ್ ಇಂಜಿನ್ನು ಆರಿಸಿ, ಸೀಟಿನ ಮೇಲಿಂದಲೇ, ಬರೆದದ್ದನ್ನು ಜೋರಾಗಿ ಓದಲು ಕೇಳುತ್ತಾರೆ. ಜೊಡೀನ್ ಓದುತ್ತಾರೆ.

"ಇನ್ನೊಂದ್ಸಲ ಓದಮ್ಮ."