ಹಳದಿ ಸ್ವೆಟರಿಗೆ ಕೂತ ಬಿಳಿ ನೊಣಗಳು

ನನ್ನ ಗೆಳತಿ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬಿಳಿ ನೊಣ ಸಾಕುತ್ತಿದ್ದಳು. ಟೊಮೆಟೊ ಎಲೆಯನ್ನು ಮುದುಡಿಸುವ ರೋಗವನ್ನು ಗಿಡದಿಂದ ಗಿಡಕ್ಕೆ ಹೊತ್ತೊಯ್ಯುವ, ಎಳ್ಳಿಗಿಂತ ಚಿಕ್ಕ ನೊಣ. ಗಾಜಿನ ಕೊಳವೆಯನ್ನು ತುಟಿಗಿಟ್ಟು ಮೆಲ್ಲನೆ ಉಸಿರೆಳೆದರೆ ನೊಣ ಕೊಳವೆಯೊಳಗೆ ಬರುತ್ತಿತ್ತು. ಊದಿದರೆ ಇನ್ನೊಂದು ಎಲೆಗೆ ಇಳಿಯುತ್ತಿತ್ತು. ಸಣ್ಣ ಕಣ್ಣಿನ ಬಲೆ ಹೊದಿಸಿದ ಗಿಡಮನೆಯ ಹಾಲು ಬೆಳಕಿನಲ್ಲಿ, ಯಾರಿಗೂ ಕೇಳದ ಕೊಳಲನ್ನು ನುಡಿಸುತ್ತಿರುವಂತೆ ಕಾಣುತ್ತಿದ್ದಳು. ಅವಳು ಹೋದ ಮೇಲೂ ನನಗೆ ಹಾಗೆಯೇ ಕಾಣುತ್ತಾಳೆ.

"ನೊಣ ಹೊಡ್ಕೊಂಡು ಕೂರೋದಕ್ಕೂ ಸಂಬಳ ಕೊಡ್ತಾರಲ್ಲೇ!" ಎಂದು ಅವಳ ಅಕ್ಕ ಛೇಡಿಸುತ್ತಿದ್ದರು.

"ಹೊಡೆಯಲ್ಲ ಅಕ್ಕಾ, ಬಾಣಂತನ ಮಾಡ್ತೀನಿ."

ಒಂದು ವರ್ಷ ಹೊಲಗಳಲ್ಲೆಲ್ಲ ರೋಗ ಹಬ್ಬಿತು. ಅವಳ ಮೇಲಧಿಕಾರಿಗೆ ಬೀಜದ ಮೇಲೆ ಅನುಮಾನ. ರೈತರು ಎತ್ತಿಟ್ಟ ಬೀಜವನ್ನೆಲ್ಲ ಸುಡಿಸಬೇಕೆಂದರು. ಎಲ್ಲರಿಗಿಂತ ಕಂಗಾಲಾದವರು, ಊರವರು ಬೀಜದಮ್ಮ ಎಂದು ಕರೆಯುತ್ತಿದ್ದ ಬೆಳೆಗಾರ್ತಿ. ಅತ್ತೆಯಿಂದ ಬಂದ ಅವರ ತಳಿ ಬೇರೆಲ್ಲೂ ಇರಲಿಲ್ಲ. "ಸುಟ್ರೆ ಮತ್ತೆ ಎಲ್ಲಿಂದ ತರ್ಲಿ ತಾಯೀ?"

ಒಂದು ನೊಣವೂ ಇಲ್ಲದ ಗಿಡಮನೆಯಲ್ಲಿ ಗೆಳತಿ ಆ ಬೀಜ ಬಿತ್ತಿದಳು. ಗಿಡಗಳು ಆರೋಗ್ಯವಾಗಿದ್ದರೆ ಬೀಜ ಉಳಿಯುತ್ತಿತ್ತು. ಸೊಂಪಾಗಿಯೇ ಬಂದವು. ಆಮೇಲೊಂದು ಬೆಳಗ್ಗೆ, ಬಾಗಿಲ ಬಳಿಯ ಗಿಡಗಳ ಚಿಗುರು ಮುದುಡಿತ್ತು.

"ಇನ್ನೇನ್ರೀ ಬೇಕು?" ಎಂದರು ಮೇಲಧಿಕಾರಿ. "ನೊಣಾನೇ ಇಲ್ದಿರೋ ಕಡೆ ರೋಗ ಬಂತಲ್ಲ!"

"ಬೀಜದಿಂದ ಬಂದಿದ್ರೆ ಬಾಗಿಲ ಹತ್ರಾನೇ ಯಾಕೆ ಸರ್?" ಎಂದಳು. ಉತ್ತರ ಅವಳಿಗೂ ಗೊತ್ತಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕರೆಯಲು ಹೋದೆ. ರೋಗದ ಗಿಡಗಳ ಮೇಲೆ ನೊಣ ಸಾಕುತ್ತಿದ್ದ ಪಕ್ಕದ ಗಿಡಮನೆಯಲ್ಲಿ ಮರದ ಹಾಗೆ ನಿಂತಿದ್ದಳು. ಬೆನ್ನೆಲ್ಲ ಬಿಳಿ.

"ಏನೇ, ಹಿಟ್ಟಿನ ಗಿರಣಿಗೆ ಹೋಗಿದ್ಯಾ?" ಎಂದು ಕೊಡವಲು ಕೈ ಎತ್ತಿದೆ. ಆ ಹಿಟ್ಟು ತಾನಾಗಿಯೇ ಮೇಲೆದ್ದು, ಬೆಳಕಿನಲ್ಲೊಮ್ಮೆ ತೇಲಿ, ಮತ್ತೆ ಅವಳ ಮೇಲೆಯೇ ಇಳಿಯಿತು. ಅಕ್ಕ ಹೆಣೆದುಕೊಟ್ಟ ಹಳದಿ ಸ್ವೆಟರು. ಗಿಡಮನೆಯಿಂದ ಗಿಡಮನೆಗೆ ಹೋಗುವಾಗ ಕೋಟು, ಚಪ್ಪಲಿ ಬದಲಾಯಿಸುತ್ತಿದ್ದವಳು, ಚಳಿಗೆಂದು ಮೇಲೆ ಹಾಕಿಕೊಂಡ ಅದನ್ನು ಲೆಕ್ಕಕ್ಕೇ ತಂದಿರಲಿಲ್ಲ.

"ಥೂ, ನನ್ನ ಬುದ್ಧಿಗಿಷ್ಟು! ನೊಣ ಹಳದಿಗೆ ಬರುತ್ತೆ, ಹೊಲದಲ್ಲಿ ಅಂಟು ಹಚ್ಚಿದ ಹಳದಿ ಹಲಗೆ ನೆಡಿ ಅಂತ ಊರಿಗೆಲ್ಲ ಪಾಠ ಹೇಳ್ತೀನಿ. ನಾನೇ ಹಲಗೆಯಾಗಿ ಓಡಾಡ್ತಿದೀನಲ್ಲೇ!"

ನೊಣವನ್ನು ಆ ಬಾಗಿಲವರೆಗೆ ಹೊತ್ತು ತಂದದ್ದು ತನ್ನ ಸ್ವೆಟರೇ ಎಂದು ಅಂದೇ ಹೋಗಿ ಹೇಳಿದಳು.

"ತಪ್ಪು ನಿಮ್ಮದು ಅಂತ ಬರೆದ್ರೆ ವರ್ಷದ ಕೆಲಸ ನೀರಲ್ಲಿ ಹೋಮ," ಎಂದರು ಮೇಲಧಿಕಾರಿ.

"ಹೋಗ್ಲಿ ಸರ್. ಬೀಜ ಸುಡೋದು ನಿಲ್ಲಿಸಿ. ಮತ್ತೆ ಬಿತ್ತೋಣ."

ಎರಡನೆಯ ಬಿತ್ತನೆ ಹೂವಾಗುವ ಹೊತ್ತಿಗೆ ಅವಳು ಹಾಸಿಗೆ ಹಿಡಿದಿದ್ದಳು. ಗಿಡ ಹೇಗಿವೆ ಎಂದು ನನ್ನನ್ನು ದಿನವೂ ಕೇಳುವಳು. ಹಸಿರಾಗಿವೆ ಎಂದರೆ ಕಣ್ಣು ಮುಚ್ಚಿ, ಅವುಗಳ ನಡುವೆ ಎಲ್ಲೋ ನಡೆದುಹೋಗುವಳು. ಒಂದು ಎಲೆಯೂ ಮುದುಡಲಿಲ್ಲ.

ಮೊದಲ ಹಣ್ಣನ್ನು ಬೀಜದಮ್ಮನೇ ತಂದು ಅವಳ ಬಾಯಿಗಿಟ್ಟರು. "ಬೀಜ ಸುಡಲ್ಲ ಅಂತ ಸಾಹೇಬ್ರು ಹೇಳಿದ್ರು ತಾಯೀ."

ಅವಳು ಕಚ್ಚಿ ಮುಖ ಕಿವುಚಿದಳು. "ಅಬ್ಬಬ್ಬಾ, ಏನು ಹುಳಿ! ಇದಕ್ಕೋಸ್ಕರಾನಾ ಇಷ್ಟೆಲ್ಲ?"

ಮೂವರೂ ನಕ್ಕೆವು. ಅವಳ ಗಲ್ಲಕ್ಕೆ ಅಂಟಿದ್ದ ಬೀಜಗಳನ್ನು ಬೀಜದಮ್ಮ ಒಂದೊಂದಾಗಿ ಬಿಡಿಸಿ ಕರವಸ್ತ್ರದಲ್ಲಿ ಕಟ್ಟಿಕೊಂಡರು.