ಹಿಂದಿನ ಟಯರಿನ ಉಬ್ಬು

ಮನೆಯ ಹಳೇ ಕಾರಿಗೆ ಮುಂದಿನ ಎರಡು ಟಯರ್ ಹಾಕಿಸೋಣ ಎಂದು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗಿದ್ದೆ. ಜೊತೆಗೆ ಅಮ್ಮನೂ ಇದ್ದಳು. ಅಂಗಡಿಯವರು ನನ್ನ ಕೈ ಹಿಡಿದು ಹಿಂದಿನ ಟಯರಿನ ಒಳಬದಿಯನ್ನು ಮುಟ್ಟಿಸಿದರು. ನಿಂಬೆಹಣ್ಣಿನಷ್ಟು ಉಬ್ಬಿತ್ತು.

"ಇದು ಯಾವಾಗ ಬೇಕಾದ್ರೂ ಸಿಡಿಯುತ್ತೆ ಸಾರ್. ಎಷ್ಟು ಸ್ಪೀಡಲ್ಲಿ ಬಂದ್ರಿ?"

ತೊಂಬತ್ತರಲ್ಲಿ ಬಂದಿದ್ದೆ. ದಾರಿಯುದ್ದಕ್ಕೂ ಅಮ್ಮ ತೂಕಡಿಸುತ್ತಾ ಕೂತಿದ್ದದ್ದು ಸರಿಯಾಗಿ ಆ ಚಕ್ರದ ಮೇಲೆಯೇ.

"ನಾಲ್ಕೂ ಬದಲಾಯಿಸಿಬಿಡಿ," ಎಂದೆ. ದೂರದ ನೆರಳಲ್ಲಿ ಕೂತಿದ್ದ ಅಮ್ಮನಿಗೆ ಏನೂ ಹೇಳಲಿಲ್ಲ.

ವಾಪಸ್ ಬರುವಾಗ ಟಯರ್ ಹೊಸದಾದರೂ ಮೂವತ್ತು ದಾಟಲು ಧೈರ್ಯ ಬರಲಿಲ್ಲ. ರೇಷ್ಮೆಗೂಡಿನ ಮೂಟೆ ಹೇರಿಕೊಂಡ ಮೊಪೆಡ್ ಒಂದು ನಮ್ಮನ್ನು ಹಿಂದೆ ಹಾಕಿ ಹೋಯಿತು.

ಅಮ್ಮ ಅದನ್ನೇ ನೋಡುತ್ತಾ ಅಂದಳು: "ಅಂಗಡಿಯೋನು ಮೋಸ ಮಾಡ್ದ ಕಣಪ್ಪ. ಹಳೇ ಟಯರೇ ಚೆನ್ನಾಗಿ ಓಡ್ತಿದ್ವು."